ನೆನೆಸಿಟ್ಟ ಹುರುಳಿ ದನಕ್ಕೆ

ಅತ್ತೆ,

ಮೂರು ವರ್ಷ ನನ್ನ ಪಕ್ಕೆನೋವನ್ನು ಈ ಮನೆಯಲ್ಲಿ ಸೋಗು ಎಂದರು.

ನೀವೊಬ್ಬರು ನಂಬಿದಿರಿ. ಮೂತ್ರದ ಕಲ್ಲು ಕರಗಲಿ ಎಂದು ದಿನಾ ಚೆಂಬು ತುಂಬ ಹುರುಳಿ ಬೇಯಿಸಿದ ನೀರು ಕುಡಿಸಿದಿರಿ. ಕುಡಿದಷ್ಟೂ ನೋವು ಹೆಚ್ಚಿತು. ಮಂಗಳೂರಿನಲ್ಲಿ ಸೂಜಿಮದ್ದು ಕೊಟ್ಟು ತೆಗೆದ ಎಕ್ಸ್‌ರೇಯಲ್ಲಿ ಕಲ್ಲೇ ಇಲ್ಲ. ಮೂತ್ರಪಿಂಡದಿಂದ ಇಳಿಯುವ ನಾಳ ಬಾಯಲ್ಲೇ ಬಿಗಿದು, ನೀರು ಒಳಗೆ ಕಟ್ಟಿ ನಿಂತಿದೆ. ಬಿಗಿದ ತುಂಡು ಕತ್ತರಿಸಿ ಮತ್ತೆ ಜೋಡಿಸುತ್ತಾರಂತೆ. ತಡಮಾಡಿದರೆ ಮೂತ್ರಪಿಂಡವೇ ಹಾಳು.

ಏಳರ ಬಸ್ಸಿಗೆ ಅಣ್ಣನ ಜೊತೆ ಆಸ್ಪತ್ರೆಗೆ ಹೊರಟೆ. ಗಂಜಿ ಒಲೆಯ ಮೇಲುಂಟು. ನಿಮ್ಮ ಕಾಲಿಗೆ ಎಣ್ಣೆ ತಿಕ್ಕಲು ಆಚೆಮನೆ ಮೋಹಿನಿ ಬರುತ್ತಾಳೆ, ಅವಳನ್ನು ಬಯ್ಯಬೇಡಿ. ನೆನೆಸಿಟ್ಟ ಹುರುಳಿ ದನಕ್ಕೆ ಹಾಕಿ.

“ಹೆಂಗಸಿನ ಮೈಗೆ ಎಂತಕ್ಕೆ ಕತ್ತಿ? ನೋವು ಸಹಿಸುದು ಕಲಿ ಮಾರಾಯ್ತಿ” ಎಂದು ನಿಮ್ಮ ಮಗ ನಿನ್ನೆ ಹೇಳಿದರು. ಅವರಿಗೆ ಇದನ್ನು ಓದಿ ಹೇಳಿ: ಕಲಿಯುವುದಿಲ್ಲ.

ವಸುಮತಿ