ಮೊಣಕಾಲು ಮಡಚಲಾಗದವಳು

ಸಾಖರ ಪೇಠ, ಸೋಲಾಪುರ
೯ ಜನವರಿ ೧೯೭೫

ನನ್ನ ಮನೆಯವರಿಗೆ ಇಂದುಬಾಯಿಯ ಶರಣು.

ನಿಮ್ಮ ಆರೋಗ್ಯ ಹೇಗಿದೆ? ಚಳಿಗೆ ನಿಮಗೆ ಕೆಮ್ಮು ಏಳುವ ಕಾಲ ಇದು. ಬೆಳಿಗ್ಗೆ ಹೊಲಕ್ಕೆ ಹೋಗುವಾಗ ಕಂಬಳಿ ಹೊದೆಯುತ್ತೀರೋ ಇಲ್ಲವೋ, ನೆನಪಿಸಲು ನಾನಿಲ್ಲ. ಅತ್ತೆಯವರ ಕಣ್ಣಿನ ನೀರು ಕಡಿಮೆಯಾಯಿತೇ? ಹನ್ನೂರಿನಲ್ಲಿ ಈಗ ಹಸಿ ಜೋಳದ ಸೀತನಿ ಸುಡುವ ದಿನಗಳು, ಬೆಂಕಿಯ ಸುತ್ತ ಎಲ್ಲರೂ ಕುಕ್ಕರಗಾಲಿನಲ್ಲಿ ಕುಳಿತು ತೆನೆ ತಿಕ್ಕುತ್ತಿರುತ್ತೀರಿ. ನಾನು ಅಣ್ಣ ಶಂಕರೆಪ್ಪನ ಅಂಗಡಿಯ ಹಿಂದಿನ ಕೋಣೆಯಲ್ಲಿ, ಚಾದರದ ಗಂಟುಗಳ ನಡುವೆ ಕುರ್ಚಿ ಹಾಕಿಕೊಂಡು ಬರೆಯುತ್ತಿದ್ದೇನೆ. ಅಣ್ಣನ ಮಕ್ಕಳು ಮರಾಠಿ ಶಾಲೆಯವರು. ನನ್ನ ಕನ್ನಡ ಅಕ್ಷರ ನೋಡಿ "ಆತ್ಯಾ ಜಿಲೇಬಿ ಸುತ್ತಾಕತ್ತಾಳ" ಎಂದು ನಗುತ್ತಾರೆ. ಈ ಮನೆಯಲ್ಲಿ ನಗು ಅಂದರೆ ಅಷ್ಟೇ.

ನನ್ನ ಕಾಲಿಗೆ ಏನಾಗಿದೆ ಎಂದು ನಿಮಗೆ ಯಾರೂ ತಿಳಿಸಿ ಹೇಳಿಲ್ಲ. ನನಗೂ ಗೊತ್ತಿರಲಿಲ್ಲ. ಮೊಣಕಾಲು ಬಾತು, ಎದ್ದರೆ ಕಟಕಟ ಅನ್ನತೊಡಗಿದಾಗ ಅತ್ತೆಯವರು ಎಕ್ಕದ ಎಲೆ ಕಟ್ಟಿ, "ಅಲಗಾಡಸಬ್ಯಾಡ, ಸುಮ್ನ ಬಿದ್ದಿರು" ಅಂದರು. ಒಳ್ಳೆಯದಕ್ಕೇ ಅಂದರು. ಸುಗ್ಗಿಯಿಂದ ಮಳೆಗಾಲದವರೆಗೆ ಕಾಲು ಮಡಚಿಕೊಂಡು ಬಿದ್ದಿದ್ದೆ. ನೋವು ಹೋಗಲಿಲ್ಲ, ಕಾಲೇ ಹೋಯಿತು. ಇಲ್ಲಿ ಆಸ್ಪತ್ರೆಯಲ್ಲಿ ವ್ಯಾಯಾಮ ಕಲಿಸುವ ಬಾಯಿಯವರು ಮೊಣಕಾಲಿಗಿಂತ ಮೊದಲು ನನ್ನ ತೊಡೆ ಹಿಡಿದು ನೋಡಿದರು. "ಗುಡಘಾ ಗಂಜಲಾ ನಾಹೀ, ಮಾಂಡೀ ಝೋಪಲೀ ಆಹೇ" ಎಂದರು. ಮೊಣಕಾಲು ತುಕ್ಕು ಹಿಡಿದಿಲ್ಲ, ತೊಡೆ ನಿದ್ದೆ ಹೋಗಿದೆ ಎಂದು. ಎಲುಬುಗಳ ನಡುವಿನ ಮೆತ್ತೆ ಸವೆದಿರುವುದು ನಿಜವಂತೆ. ಆದರೆ ನಮ್ಮ ಭಾರವನ್ನು ಹೊರುವುದು ಬರೀ ಎಲುಬಲ್ಲ, ತೊಡೆಯ ಸ್ನಾಯುವೂ ಹೌದು. ನೋವಿಗೆ ಹೆದರಿ ಕಾಲು ಆಡಿಸದಿದ್ದರೆ ಅದು ಸೊರಗುತ್ತದೆ, ಆಗ ಭಾರವೆಲ್ಲ ಸವೆದ ಜಾಗದ ಮೇಲೆಯೇ ಬೀಳುತ್ತದೆ, ನೋವು ಇನ್ನೂ ಹೆಚ್ಚುತ್ತದೆ. ಇದನ್ನು ಕೇಳಿ ನನಗೆ ಅಳು ಬಂತು. ಯಾರ ಮೇಲೆ ಸಿಟ್ಟಾಗಬೇಕೆಂದೇ ತಿಳಿಯಲಿಲ್ಲ.

ಆವತ್ತಿನಿಂದ ಅವರು ಹೇಳಿದಂತೆ ಮಾಡುತ್ತಿದ್ದೇನೆ. ಬಿಸಿ ಶಾಖ ಕೊಟ್ಟ ಮೇಲೆ ಮೊಣಕಾಲಿನ ಕೆಳಗೆ ಟವೆಲ್ ಸುರುಳಿ ಇಟ್ಟು ಒತ್ತಬೇಕು. ಪಾದಕ್ಕೆ ಉಸುಕಿನ ಚೀಲ ಕಟ್ಟಿ, ಕುರ್ಚಿಯ ಮೇಲೆ ಕುಳಿತು ಕಾಲನ್ನು ನೆಟ್ಟಗೆ ಎತ್ತಿ ಹಿಡಿಯಬೇಕು. ಕಾಲು ಗಡಗಡ ನಡುಗುತ್ತದೆ. ನೀವು ಆಸ್ಪತ್ರೆಗೆ ಬಂದದ್ದು ಅದೇ ಹೊತ್ತಿಗೆ. ಬಾಗಿಲಲ್ಲೇ ನಿಂತು ನೋಡಿ, "ಕುರ್ಚಿ ಮ್ಯಾಲ ಕುಂತು ಕಾಲ ಆಡಸಾಕ ಸೋಲಾಪುರಕ್ಕ ಬಂದೀಯೇನ?" ಎಂದು ಕೇಳಿ, ಅಣ್ಣನ ಮನೆಯ ಚಹಾವನ್ನೂ ಕುಡಿಯದೆ ಹೋದಿರಿ. ಇನ್ನೊಂದು ಗಳಿಗೆ ನಿಂತಿದ್ದರೆ ನಾನು ಎರಡು ಕಂಬಿಗಳ ನಡುವೆ ಕೈ ಬಿಟ್ಟು ನಡೆಯುವುದನ್ನು ನೋಡುತ್ತಿದ್ದಿರಿ.

ಈಗ ಕೋಲು ಹಿಡಿದು ಓಣಿಯ ಕೊನೆಯವರೆಗೆ ಹೋಗಿ ಬರುತ್ತೇನೆ. ಬಾವು ಇಳಿದಿದೆ. ಇದನ್ನು ಸಂತೋಷದಿಂದ ಬರೆಯಬೇಕಾಗಿತ್ತು. ಆದರೆ ಹೋದ ತಿಂಗಳು ನಾನೇ ಕೇಳಿದೆ, "ಬಾಯಿ, ನಾ ಯಾವಾಗ ಒಲಿ ಮುಂದ ಕುಂದರಬೇಕ್ರಿ?" ಅವರು ಸುಳ್ಳು ಹೇಳುವವರಲ್ಲ. ನಡೆಯಬಹುದು, ನಿಲ್ಲಬಹುದು, ಕುಕ್ಕರಗಾಲಿನಲ್ಲಿ ಮಾತ್ರ ಇನ್ನು ಕೂರಬಾರದು, ಕೂತರೆ ಮತ್ತೆ ಮೊದಲಿನಂತೆ ಎಂದರು. ನಮ್ಮೂರಲ್ಲಿ ಕೂರದೆ ಆಗುವ ಕೆಲಸ ಯಾವುದಿದೆ, ನೀವೇ ಹೇಳಿ. ರೊಟ್ಟಿ ಬಡಿಯುವುದು, ಕಳೆ ತೆಗೆಯುವುದು, ಎಮ್ಮೆ ಹಿಂಡುವುದು, ಬಯಲಿಗೆ ಹೋಗುವುದು. ಇಲ್ಲಿ ಅಣ್ಣ ಬಡಿಗನಿಗೆ ಹೇಳಿ ಪಾಯಖಾನೆಗೆ ತೂತಿನ ಸ್ಟೂಲು ಮಾಡಿಸಿದ್ದಾನೆ. ಅದನ್ನು ಹೊತ್ತು ತರುವಾಗ ಓಣಿಯವರೆಲ್ಲ ನೋಡಿದರು, ನಾನು ಒಳಗೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಕುಳಿತಿದ್ದೆ.

ಸೊಂಟದೆತ್ತರಕ್ಕೆ ಒಂದು ಒಲೆಕಟ್ಟೆ ಕಟ್ಟಿಸಿ ಎಂದು ನಾನು ಹೇಳಿ ಕಳಿಸಿದ್ದಕ್ಕೆ, "ನಿಂತ ಅಡಗಿ ಮಾಡೂ ಹೆಂಗಸು ನಮ್ಮ ಮನಿತನದಾಗ ಯಾರೂ ಆಗಿಲ್ಲ" ಎಂದು ನೀವು ಉತ್ತರ ಕಳಿಸಿದಿರಿ. ಆವತ್ತು ಉಸುಕಿನ ಚೀಲ ಕಟ್ಟಲು ಮನಸ್ಸಾಗಲಿಲ್ಲ. ಕಾಲು ಗಟ್ಟಿಯಾದಷ್ಟೂ ಹನ್ನೂರು ದೂರವಾಗುತ್ತಿದ್ದರೆ ಯಾಕಾದರೂ ಎತ್ತಬೇಕು ಅನ್ನಿಸಿತು. ಮಕ್ಕಳಿಲ್ಲದ ಮನೆಯಲ್ಲಿ ಹೆಂಗಸು ಕೈಕಾಲಿನಿಂದಲೇ ಇರುವವಳು. ಇದು ನಿಮ್ಮ ಮಾತಲ್ಲ, ನನ್ನದೇ ಮಾತು. ಬೆಳಕು ಹರಿಯುವ ಹೊತ್ತಿಗೆ ಗೋಡೆಯ ಕಡೆ ತಿರುಗಿ ಇದನ್ನೇ ಹೇಳಿಕೊಳ್ಳುತ್ತೇನೆ.

ಅತ್ತೆಯವರ ಪಾದಕ್ಕೆ ಶರಣು ತಿಳಿಸಿ. ಎಮ್ಮೆಯ ಕರು ಹುಷಾರಾಗಿದೆಯೇ? ಅದರ ಕೊರಳು ತುರಿಸಿ. ಹೊತ್ತಿಗೆ ಸರಿಯಾಗಿ ಉಣ್ಣಿರಿ, ಬಿಸಿನೀರು ಕುಡಿಯಿರಿ. ದೇವರು ಲಿಂಗಯ್ಯ ನಿಮ್ಮನ್ನು ಚೆನ್ನಾಗಿಟ್ಟಿರಲಿ.

ನಿಮ್ಮ
ಇಂದುಬಾಯಿ

ತಾ. ಕ.: ಲಕೋಟೆ ಅಂಟಿಸುವಷ್ಟರಲ್ಲಿ ನಮ್ಮೂರ ಭೀಮಣ್ಣ ಬಂದ. ಜೋಳದ ಚೀಲದ ಜೊತೆ ನನ್ನ ಟ್ರಂಕು ಇಳಿಸಿ, "ಬಂಡೆಪ್ಪ ಕಾಕಾ ಕೊಟ್ಟ ಕಳಸ್ಯಾನ್ರಿ" ಎಂದು ನಿಮ್ಮ ಹೆಸರು ಹೇಳಿ ನೆಲ ನೋಡುತ್ತ ನಿಂತ. ತೆಗೆದೆ. ನನ್ನ ಸೀರೆಗಳೆಲ್ಲ ಇವೆ, ತವರಿನಿಂದ ತಂದ ಕುಂಕುಮದ ಭರಣಿಯೂ ಇದೆ. ಏನೂ ಬಿಟ್ಟಿಲ್ಲ. ಇಷ್ಟು ಚೆಂದ ಮಡಚಿ ಇಟ್ಟವರು ಯಾರು, ನೀವೇನಾ? ಅಣ್ಣ "ಇಲ್ಲೇ ಇರು ಬಿಡವಾ" ಎಂದು ಕಣ್ಣೊರೆಸಿಕೊಳ್ಳುತ್ತಿದ್ದಾನೆ. ಈ ಕಾಗದ ಅಂಚೆಗೆ ಹಾಕುವುದಿಲ್ಲ. ನಾಳೆ ಅಕ್ಕಲಕೋಟೆಯ ಬಸ್ಸು ಹಿಡಿದು ಹನ್ನೂರಿಗೆ ನಾನೇ ತರುತ್ತೇನೆ. ಟ್ರಂಕು ಇಲ್ಲಿಯೇ ಇರುತ್ತದೆ, ಅದನ್ನು ತರುವಷ್ಟು ಭರವಸೆ ನನಗಿಲ್ಲ. ಅಂಗಳದಲ್ಲಿ ನಿಂತಿರುತ್ತೇನೆ, ಕೂರು ಅನ್ನಬೇಡಿ. ಓದಿ ಮುಗಿಸಿ, ಬರಬೇಡ ಎನ್ನುವುದನ್ನು ನನ್ನ ಮುಖ ನೋಡಿ ಹೇಳಿ.