ದುಬೈಯಲ್ಲಿ ಮುಳುಗದ ಹೊತ್ತು

ದುಬೈ, ಮೇ ೯

ಅವ್ವಾ, ಜೈ ಜಿನೇಂದ್ರ.

ನೈರೋಬಿಯ ವಿಮಾನಕ್ಕೆ ಇಲ್ಲಿ ಹನ್ನೊಂದು ತಾಸು ಕಾಯಬೇಕಿತ್ತು. ಸುಮ್ಮನೆ ಕುಳಿತಿರಲಾರದೆ ಅತ್ತೆಯವರನ್ನೂ ಕರೆದುಕೊಂಡು ಊರು ನೋಡಲು ಹೊರಟೆ. ಕಿಟಕಿಯೇ ಇಲ್ಲದ ದೊಡ್ಡ ಮಾಲ್‌ನಲ್ಲಿ, ಮನೆಯೆತ್ತರದ ಗಾಜಿನ ಹಿಂದೆ ಮೀನುಗಳು ಈಜುತ್ತಿದ್ದವು. ನಾನು ಅದರಲ್ಲೇ ಮೈಮರೆತಿದ್ದೆ. ನಿನ್ನಂತೆ ಅತ್ತೆಯವರೂ ಹೊತ್ತು ಮುಳುಗಿದ ಮೇಲೆ ಉಣ್ಣುವವರಲ್ಲ. "ಹೊತ್ತು ಮುಳುಗೇತೇನವಾ?" ಎಂದು ಕೇಳಿದರು. ನೀನು ಖಡೇಬಜಾರದಲ್ಲಿ ಕೊಡಿಸಿದ ಕೈಗಡಿಯಾರ ನೋಡಿದೆ, ಏಳು ದಾಟಿತ್ತು.

"ಮುಳುಗೇತ್ರಿ ಅತ್ತಿ," ಎಂದೆ.

ಅವರು ಅಲ್ಲೇ ಕೈಮುಗಿದು, ಬೆಳಗಿನವರೆಗೆ ಅನ್ನನೀರು ಬಿಟ್ಟರು. ಹೊರಗೆ ಬಂದರೆ ಕಣ್ಣು ಕುಕ್ಕುವ ಬಿಸಿಲು! ಇಲ್ಲಿಯ ಹೊತ್ತು ನಮಗಿಂತ ಒಂದೂವರೆ ತಾಸು ಹಿಂದೆ, ನಾನು ಗಡಿಯಾರ ತಿರುಗಿಸಿರಲೇ ಇಲ್ಲ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಕೈಮುಗಿದು ಬಿಟ್ಟದ್ದನ್ನು ಅವರು ಮುರಿಯುವವರಲ್ಲ. ಒಂದು ಮಾತು ಬೈಯಲೂ ಇಲ್ಲ.

ಅವರು ಆರಾಮಿದ್ದಾರೆ, ತುಸು ತಲೆನೋವು ಅಷ್ಟೆ. ನಮ್ಮವರಿಗೆ ಮಾತ್ರ ಇದನ್ನು ಹೇಳಬೇಡ. ಕಾರ್ಡು ತುಂಬುತ್ತ ಬಂತು, ಇದೊಂದು ಮಾತು ಬರೆದುಬಿಡುತ್ತೇನೆ.

ಆಗ ಅಲ್ಲೇ ಬಿಸಿಲಿನಲ್ಲಿ ಅತ್ತೆಯವರು, ತಮಗೆಂದು ನೀನು ಕಟ್ಟಿಕೊಟ್ಟ ದಶಮಿ ರೊಟ್ಟಿಯ ಡಬ್ಬಿಯನ್ನು ನನ್ನ ಕೈಗಿಟ್ಟು, "ನೀ ಉಣ್ಣವಾ, ಇನ್ನೂ ಹೊತ್ತೈತಿ," ಎಂದರು.

ಹಸಿದಿದ್ದೆ ಅವ್ವಾ, ಉಂಡೆ.

ಬ್ರಾಹ್ಮಿ