ಪಂಪಿನ ಸದ್ದು

ಅಣ್ಣಾ,

ನೀನು ಜೋಡಿಸಿಕೊಟ್ಟ ಕಂಪ್ಯೂಟರ್ ಇವತ್ತು ಮಧ್ಯಾಹ್ನ ನಾನು ವಿಡಿಯೊ ಎಡಿಟ್ ಮಾಡುತ್ತಿದ್ದಾಗ ತಾನಾಗಿಯೇ ಆಫ್ ಆಯಿತು. ಮತ್ತೆ ಹಾಕಿದೆ, ಬಿಸಿಯೇರಿ ಮತ್ತೆ ನಿಂತಿತು. ನೀನಿದ್ದಿದ್ದರೆ ಕೂತಲ್ಲಿಂದಲೇ ನಿನ್ನನ್ನು ಕೂಗಿ ಕರೆಯುತ್ತಿದ್ದೆ. ನಾನೇ ಪಕ್ಕದ ಮುಚ್ಚಳ ಬಿಚ್ಚಿ ರೇಡಿಯೇಟರಿನ ಧೂಳು ತೆಗೆದೆ. ಫ್ಯಾನುಗಳು ಚೆನ್ನಾಗಿಯೇ ತಿರುಗುತ್ತಿದ್ದವು. ಕಂಪ್ಯೂಟರನ್ನು ತಂಪಾಗಿಡಲು ನೀರು ಹರಿಯುವ ಪೈಪುಗಳನ್ನು ಮುಟ್ಟಿ ನೋಡಿದರೆ ಒಂದು ಸುಡುತ್ತಿತ್ತು, ಇನ್ನೊಂದು ತಣ್ಣಗಿತ್ತು.

ರಿಪೇರಿಯವರನ್ನು ಕರೆಸಿದೆ. ಅವರೂ ಮುಟ್ಟಿ ನೋಡಿ, "ಪಂಪ್ ಹೋಗಿದೆ, ನೀರು ಓಡ್ತಾ ಇಲ್ಲ," ಅಂದರು. "ಇದು ಒಮ್ಮೆಲೇ ಕೆಡಲ್ಲ ಮೇಡಂ. ನಿಲ್ಲೋಕೆ ಮುಂಚೆ ಕೆಲವು ದಿನ ಗರಗರ ಅಂತಿರುತ್ತೆ. ಪಕ್ಕದಲ್ಲೇ ಕೂತಿರ್ತೀರಲ್ಲ, ಕೇಳಿಸಲಿಲ್ವಾ?"

ಬಾಗಿಲಲ್ಲಿ ನಿಂತಿದ್ದ ಅಮ್ಮನೇ, "ಕೆಲಸ ಮಾಡೋವಾಗ ಅವಳು ಕಿವಿಗೆ ಹೆಡ್‌ಫೋನ್ ಹಾಕ್ಕೊಂಡಿರ್ತಾಳೆ. ಪಾಪ, ಅವಳಿಗೇನೂ ಕೇಳಿಸಲ್ಲ," ಅಂದಳು.

ಎದೆನೋವು ಬಂದು ನೀನು ಪಕ್ಕದ ರೂಮಿನಲ್ಲೇ ಹೋಗಿಬಿಟ್ಟ ದಿನವೂ, ಮನೆಗೆ ಬಂದವರಿಗೆಲ್ಲ ಅಮ್ಮ ಇದೇ ಮಾತು ಹೇಳಿದ್ದಳು. ಆವತ್ತೂ ಅವಳ ದನಿಯಲ್ಲಿ ಒಂದಿಷ್ಟೂ ಸಿಟ್ಟಿರಲಿಲ್ಲ.